ಗಂತಿಗೆ ರಕ್ತದ ಕಾಲುವೆ

ಕ್ಯಾನ್ಸರ್ ಗಂತಿಯೊಂದು ಸಾಸಿವೆ ಕಾಳಿನ ಗಾತ್ರಕ್ಕೆ ಬಂದು, ಅಲ್ಲಿಗೇ ನಿಂತು, ವರ್ಷಗಟ್ಟಲೆ ಯಾರಿಗೂ ತೊಂದರೆ ಕೊಡದೆ ಇದ್ದುಬಿಡಬಹುದು. ಮುಂದೆ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ಲೋಮನಾಳದಿಂದ ಹೊರಬಂದ ಆಮ್ಲಜನಕ ಸಾಗಬಲ್ಲ ದೂರ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ ಅಷ್ಟೆ. ಅದರಾಚೆಯ ಜೀವಕೋಶಗಳ ಪಾಡು ಕಾಲುವೆಯ ಕೊನೆಗಿರುವ ಹೊಲದ ಪೈರಿನಂತೆ.

ಈ ಮಾತನ್ನು ಒತ್ತಿ ಹೇಳಿದವರು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. 1960ರ ದಶಕದ ಆರಂಭದಲ್ಲಿ ಅವರು ಮತ್ತು ಫ್ರೆಡರಿಕ್ ಬೆಕರ್, ಪ್ರಾಣಿಯ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿ ಜೀವಂತವಾಗಿಟ್ಟು ಅದರೊಳಗೆ ಕ್ಯಾನ್ಸರ್ ಜೀವಕೋಶಗಳನ್ನು ಬಿಟ್ಟರು. ಗಂತಿಗಳು ಒಂದೆರಡು ಮಿಲಿಮೀಟರ್ ಬೆಳೆದು ನಿಂತವು. ಅವನ್ನೇ ಇಲಿಯ ಮೈಗೆ ಸೇರಿಸಿದಾಗ ಸರಸರನೆ ಬೆಳೆದವು. ಇಲಿಯ ಮೈಯಲ್ಲಿ ಹೊಸ ರಕ್ತನಾಳ ಚಿಗುರಿತ್ತು, ಪಾತ್ರೆಯಲ್ಲಿ ಚಿಗುರಿರಲಿಲ್ಲ. ನಾಳಗಳನ್ನು ತಡೆದರೆ ಗಂತಿಯನ್ನೂ ತಡೆಯಬಹುದು ಎಂದು 1971ರಲ್ಲಿ ಫೋಕ್‌ಮನ್ ಬರೆದಾಗ ಒಪ್ಪಿದವರಿಗಿಂತ ಮೂಗು ಮುರಿದವರೇ ಹೆಚ್ಚು.

ಇಲ್ಲಿ ವಿದ್ಯಾರ್ಥಿಗಳಲ್ಲಿ ಒಂದು ಪ್ರಶ್ನೆ ಏಳಬೇಕು. ರಕ್ತನಾಳದ ಒಳಪದರದ ಜೀವಕೋಶ ಕ್ಯಾನ್ಸರಿನದಲ್ಲ, ನಮ್ಮದೇ. ಅದು ಗಂತಿಯ ಮಾತನ್ನೇಕೆ ಕೇಳುತ್ತದೆ?

ಕಣ್ಣಿನ ಜೀವಕೋಶದಲ್ಲೂ ಕರುಳಿನ ಜೀವಕೋಶದಲ್ಲೂ ಇರುವ ವಂಶವಾಹಿಗಳು ಒಂದೇ. ಯಾವುವು ದುಡಿಯುತ್ತಿವೆ, ಯಾವುವು ಮಲಗಿವೆ ಎಂಬುದರಲ್ಲಿದೆ ವ್ಯತ್ಯಾಸ. ಗಂತಿಯ ಜೀವಕೋಶದಲ್ಲಿ ವಂಶವಾಹಿಯ ಬರವಣಿಗೆಯೇ ಕೆಟ್ಟಿರುತ್ತದೆ. ನಾಳದ ಜೀವಕೋಶದಲ್ಲಿ ಬರವಣಿಗೆ ಬಹುಮಟ್ಟಿಗೆ ಸರಿಯಾಗಿಯೇ ಇದ್ದು, ಮಲಗಿದ್ದವು ಎದ್ದು ಕೂಡುತ್ತವೆ. ಎಬ್ಬಿಸುವುದು ಗಂತಿ.

ಆಮ್ಲಜನಕ ಕಡಿಮೆಯಾದಾಗ ಗಂತಿಯ ಜೀವಕೋಶದಲ್ಲಿ ಹಿಫ್ ಎಂಬ ಪ್ರೋಟೀನು ನಾಶವಾಗದೆ ಉಳಿಯುತ್ತದೆ. (ಆಮ್ಲಜನಕದ ಏರಿಳಿತವನ್ನು ಜೀವಕೋಶ ಗ್ರಹಿಸುವ ಈ ಬಗೆಯನ್ನು ಬಿಡಿಸಿದವರಿಗೆ 2019ರ ನೊಬೆಲ್ ಬಂತು.) ಹಿಫ್ ಹೋಗಿ ವಿಇಜಿಎಫ್ ಎಂಬ ಮತ್ತೊಂದು ಪ್ರೋಟೀನಿನ ವಂಶವಾಹಿಯನ್ನು ಚುರುಕುಗೊಳಿಸುತ್ತದೆ. ಹೊರಗೆ ಸುರಿದ ವಿಇಜಿಎಫ್ ಪಕ್ಕದ ರಕ್ತನಾಳದ ಜೀವಕೋಶವನ್ನು ಮುಟ್ಟಿದೊಡನೆ ಸುದ್ದಿ ಅದರ ಕೋಶಕೇಂದ್ರಕ್ಕೆ ತಲುಪುತ್ತದೆ. ಸಾಮಾನ್ಯವಾಗಿ ಬಹಳ ನಿಧಾನವಾಗಿ ವಿಭಜಿಸುವ ಆ ಜೀವಕೋಶ ಸುತ್ತಲಿನ ಪೊರೆಯನ್ನು ಕರಗಿಸಿ, ಇಮ್ಮಡಿಸಿ, ಗಂತಿಯತ್ತ ಸಾಲುಗಟ್ಟುತ್ತದೆ. ಹೀಗೆ ಕಟ್ಟಿದ ನಾಳಗಳು ಅಂಕುಡೊಂಕು, ಸೋರುವಂಥವು. ಕಳಪೆ ಕಾಮಗಾರಿ ಎನ್ನಬಹುದು.

ಎಷ್ಟು ವಂಶವಾಹಿಗಳು ಬದಲಾಗುತ್ತವೆ? ಇದನ್ನು ಎಣಿಸಲು ಹೊರಟವರು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಬ್ರ್ಯಾಡ್ ಸೇಂಟ್ ಕ್ರಾಯ್, ಬರ್ಟ್ ವೊಗೆಲ್‌ಸ್ಟೈನ್, ಕೆನೆತ್ ಕಿಂಜ್ಲರ್ ಮತ್ತು ಸಂಗಡಿಗರು. ಕೆಲಸ ಸುಲಭದ್ದಲ್ಲ. ಗಂತಿಯಲ್ಲಿ ನಾಳದ ಜೀವಕೋಶಗಳು ಅಕ್ಕಿಯಲ್ಲಿ ಕಲ್ಲಿನಷ್ಟು. ಆ ಜೀವಕೋಶಗಳಿಗೆ ಮಾತ್ರ ಅಂಟುವ ಸೂಕ್ಷ್ಮ ಕಾಂತಮಣಿಗಳನ್ನು ಬಳಸಿ, ದೊಡ್ಡಕರುಳಿನ ಗಂತಿಯಿಂದಲೂ ಆರೋಗ್ಯವಂತ ಕರುಳಿನಿಂದಲೂ ಅವನ್ನು ಆರಿಸಿ ತೆಗೆದರು. 2000ದಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 79 ವಂಶವಾಹಿಗಳ ಚಟುವಟಿಕೆ ಬೇರೆಯಾಗಿತ್ತು. ಅವುಗಳಲ್ಲಿ 46 ಗಂತಿಯ ನಾಳದಲ್ಲಿ ವಿಶೇಷವಾಗಿ ಏರಿದ್ದವು. ಹೆಚ್ಚಿನವು ಏನು ಮಾಡುತ್ತವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅಂಥದ್ದೊಂದಕ್ಕೆ ಟೆಮ್-8 ಎಂದು ಹೆಸರಿಟ್ಟರು. ಮರುವರ್ಷವೇ ಬೇರೆ ತಂಡವೊಂದು, ಕುರಿ ದನಗಳನ್ನು ಕೊಲ್ಲುವ ನೆರಡಿ ರೋಗದ ವಿಷ ಜೀವಕೋಶದೊಳಗೆ ನುಗ್ಗುವ ಬಾಗಿಲು ಇದೇ ಎಂದು ಕಂಡುಹಿಡಿಯಿತು. ವಿಜ್ಞಾನದಲ್ಲಿ ಇಂಥ ಅನಿರೀಕ್ಷಿತ ನೆಂಟಸ್ತಿಕೆಗಳು ಎಷ್ಟೋ!

ಇನ್ನೊಂದು ಮುಖ್ಯ ಅಂಶ. ಎಚ್ಚೆತ್ತ ಈ ವಂಶವಾಹಿಗಳಲ್ಲಿ ಬಹುಪಾಲು, ಮಾಯುತ್ತಿರುವ ಗಾಯದ ನಾಳಗಳಲ್ಲೂ ಎಚ್ಚರವಾಗಿದ್ದವು. ಗಾಯ ಮಾಯಲು ದೇಹ ಇಟ್ಟುಕೊಂಡ ಏರ್ಪಾಡನ್ನೇ ಗಂತಿ ಬಳಸಿಕೊಳ್ಳುತ್ತಿದೆ. ಗಾಯದಲ್ಲಿ ಕೆಲಸ ಮುಗಿದ ಮೇಲೆ ಅವು ಮತ್ತೆ ಮಲಗುತ್ತವೆ. ಗಂತಿ ಅವನ್ನು ಮಲಗಲು ಬಿಡುವುದಿಲ್ಲ.

ಔಷಧದ ವಿಷಯಕ್ಕೆ ಬಂದರೆ ತಂದೆತಾಯಿಗಳು ಸ್ವಲ್ಪ ನಿಧಾನವಾಗಿ ಓದಬೇಕು. 1998ರಲ್ಲಿ ಫೋಕ್‌ಮನ್ ಪ್ರಯೋಗಾಲಯದ ಎರಡು ಪದಾರ್ಥಗಳು ಇಲಿಗಳ ಗಂತಿ ಕರಗಿಸಿದ ಸುದ್ದಿ ಅಮೆರಿಕದ ಪತ್ರಿಕೆಯ ಮುಖಪುಟಕ್ಕೆ ಬಂದು ರೋಗಿಗಳಲ್ಲಿ ಭಾರಿ ಆಸೆ ಹುಟ್ಟಿಸಿತು. ಮನುಷ್ಯರಲ್ಲಿ ಆ ಫಲ ಸಿಗಲಿಲ್ಲ. 2004ರಲ್ಲಿ ವಿಇಜಿಎಫ್ ಅನ್ನು ಹಿಡಿದು ಕಟ್ಟಿಹಾಕುವ ಬೆವಾಸಿಜುಮಾಬ್‌ಗೆ ಅಲ್ಲಿ ಮಂಜೂರಾತಿ ದೊರೆಯಿತು. ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗೆ ಇತರ ಔಷಧಗಳೊಂದಿಗೆ ಕೊಟ್ಟಾಗ, ರೋಗಿಗಳು ಬದುಕಿದ ಅವಧಿ 15.6 ತಿಂಗಳಿನಿಂದ 20.3 ತಿಂಗಳಿಗೆ ಏರಿತು. ಇದು ಗಣಿತದ ಪಾಠದಲ್ಲಿ ಬರುವ ಮಧ್ಯಾಂಕ. ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧದಷ್ಟು ಕಡಿಮೆ. ಸುಮಾರು ಐದು ತಿಂಗಳು ಸಣ್ಣದೆಂದು ರೋಗಿಯ ಮನೆಯವರು ಹೇಳಲಾರರು, ಆದರೆ ಅದು ಗುಣವಾದಂತೆಯೂ ಅಲ್ಲ. ಒಂದು ಸಂದೇಶ ನಿಂತರೆ ಗಂತಿ ಬೇರೆ ಸಂದೇಶ ಕಳಿಸುತ್ತದೆ.

ಗಾಯಕ್ಕೂ ಗಂತಿಗೂ ದಾರಿ ಒಂದೇ ಆದ್ದರಿಂದ ಈ ಔಷಧ ಗಾಯ ಮಾಯುವುದನ್ನೂ ತಡೆಯುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಕನಿಷ್ಠ 28 ದಿನ ಕಳೆದು, ಗಾಯ ಪೂರ್ತಿ ಮಾಯುವವರೆಗೆ ವೈದ್ಯರು ಇದನ್ನು ಕೊಡುವುದಿಲ್ಲ. ಇದನ್ನು ಪಡೆಯುತ್ತಿರುವವರು ಹಲ್ಲು ಕೀಳಿಸುವ ಮುನ್ನವೂ ವೈದ್ಯರಿಗೆ ತಿಳಿಸಬೇಕು.