ನಿಂತ ಲಾರಿಯ ಹೊಗೆ



ನಮ್ಮ ಸಂಘದ ಪತ್ರಿಕೆಯಲ್ಲಿ ನೀವು ಸಾಮಾನ್ಯವಾಗಿ ನಾಟಕ, ಸಾಹಿತ್ಯ, ಹಬ್ಬಹರಿದಿನಗಳ ವಿಷಯ ಓದುತ್ತೀರಿ. ಈ ಸಲ ನಾನು ಲಾರಿ, ಗೋದಾಮು, ಕಂಟೇನರುಗಳ ಬಗ್ಗೆ ಬರೆಯಹೊರಟಿದ್ದೇನೆ. ಮನೆ ನಡೆಸಿಕೊಂಡಿರುವ ಹೆಂಗಸಿಗೆ ಇದೇಕೆ ಬೇಕಿತ್ತು ಎಂದು ನಗಬೇಡಿ. ಮುಂಬಯಿಯ ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿಪುಡಿಯಿಂದ ಹಿಡಿದು ನೀವು ಫೋನಿನಲ್ಲೇ ತರಿಸಿಕೊಳ್ಳುವ ಬೂಟಿನವರೆಗೆ ಹೆಚ್ಚಿನ ವಸ್ತುಗಳು ಯಾವುದೋ ಗೋದಾಮಿನಲ್ಲಿ ತಂಗಿಯೇ ಬಂದಿರುತ್ತವೆ. ನಿಮ್ಮಲ್ಲಿ ಕೆಲವರು ಇಂಥ ಸಾಗಾಟದ ಕಂಪನಿಗಳಲ್ಲೇ ಕೆಲಸಕ್ಕೆ ಸೇರುತ್ತಲೂ ಇದ್ದೀರಿ. ಆದ್ದರಿಂದ ವಿಷಯ ನಿಮ್ಮದೇ.

‘ಸುಸ್ಥಿರ’ ಎಂಬ ಪದವನ್ನು ಈಗ ಎಲ್ಲೆಲ್ಲೂ ಕೇಳುತ್ತೇವೆ. ಸರಳವಾಗಿ ಹೇಳುವುದಾದರೆ, ಇಂದಿನ ಕೆಲಸ ನಡೆಯಬೇಕು, ಆದರೆ ನಾಳೆಯವರಿಗೆ ಗಾಳಿ, ನೀರು, ನೆಲ ಉಳಿದಿರಬೇಕು. ಸರಕು ಕೇಂದ್ರಗಳಿಗೆ ಇದನ್ನು ಹೇಗೆ ಅನ್ವಯಿಸುವುದು? ವಿದ್ಯುತ್ ಲಾರಿ ಬಂದರೆ ಮುಗಿಯಿತು ಎಂದು ಹಲವರು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ.

ತೆರಿಗೆ ಬರೆದ ನಕಾಶೆ

ಥಾಣೆಯಿಂದ ನಾಸಿಕದ ಹೆದ್ದಾರಿ ಹಿಡಿದು ಹೋದರೆ ಭಿವಂಡಿ ಸಿಗುತ್ತದೆ. ಮೊದಲು ಅದು ಪವರ್‌ಲೂಮುಗಳ ಊರೆಂದೇ ಹೆಸರಾಗಿತ್ತು. ಇಂದು ಅದರ ಸುತ್ತಲಿನ ಮಾಣಕೋಲಿ, ಕಾಲ್ಹೇರ್, ಪೂರ್ಣಾ ಮುಂತಾದ ಹಳ್ಳಿಗಳೆಲ್ಲ ಗೋದಾಮುಗಳಿಂದ ತುಂಬಿವೆ. ದೇಶದ ಅತಿ ದೊಡ್ಡ ಗೋದಾಮು ಪ್ರದೇಶಗಳಲ್ಲಿ ಇದೂ ಒಂದು.

ಅಲ್ಲೇ ಏಕೆ? ಮುಖ್ಯ ಕಾರಣ ಆಕ್ಟ್ರಾಯ್ ಎಂಬ ಸುಂಕ. ಮುಂಬಯಿ ಮಹಾನಗರಪಾಲಿಕೆಯ ಗಡಿಯೊಳಗೆ ಸರಕು ತಂದರೆ ನಾಕಾದಲ್ಲಿ ಈ ಸುಂಕ ಕಟ್ಟಬೇಕಿತ್ತು. ಗಡಿಯ ಹೊರಗೆ ಸರಕನ್ನು ಶೇಖರಿಸಿಟ್ಟು ಬೇಕಾದಷ್ಟನ್ನೇ ಒಳಗೆ ತಂದರೆ ವ್ಯಾಪಾರಿಗೆ ಅನುಕೂಲ. ಮುಲುಂಡ್, ದಹಿಸರ್ ನಾಕಾಗಳ ಮುಂದೆ ಸಾಲುಗಟ್ಟಿ ನಿಂತ ಲಾರಿಗಳು ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಆ ಸುಂಕ ಹೋಯಿತು. ಅದರ ಜತೆಗೆ, ತೆರಿಗೆ ಉಳಿಸಲೆಂದು ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಳ್ಳುವ ಅಗತ್ಯವೂ ತಪ್ಪಿತು. ಕಂಪನಿಗಳು ಕೆಲವೇ ಕಡೆ ಭಾರಿ ಗೋದಾಮುಗಳನ್ನು ಮಾಡತೊಡಗಿದವು. ಭಿವಂಡಿ ಇನ್ನಷ್ಟು ಬೆಳೆಯಿತು.

ಇಲ್ಲೊಂದು ಪಾಠವಿದೆ. ಸರಕು ಕೇಂದ್ರ ಎಲ್ಲಿರಬೇಕೆಂದು ತೀರ್ಮಾನಿಸಿದ್ದು ನದಿಯಲ್ಲ, ರೈಲು ಹಳಿಯಲ್ಲ, ಊರಿನವರ ಹಿತವೂ ಅಲ್ಲ, ತೆರಿಗೆಯ ಲೆಕ್ಕ. ನಿಯಮವೊಂದು ಕಟ್ಟಿದ ಅವ್ಯವಸ್ಥೆಯನ್ನು ಇನ್ನೊಂದು ನಿಯಮ ಸರಿಪಡಿಸಬಹುದು ಎಂಬ ಧೈರ್ಯವೂ ಇದರಿಂದಲೇ ಬರುತ್ತದೆ. ನಾಕಾದ ಸಾಲುಗಳು ಮಾಯವಾದದ್ದು ಹೊಸ ಎಂಜಿನ್ ಬಂದದ್ದರಿಂದಲ್ಲ ತಾನೇ?

ಕಾಯುವುದೇ ದುಬಾರಿ

ಹೊಗೆ ಎಂದಾಕ್ಷಣ ನಮಗೆ ಓಡುವ ಲಾರಿ ನೆನಪಾಗುತ್ತದೆ. ಸರಕು ಕೇಂದ್ರದ ಸುತ್ತ ಬಾಳುವವರಿಗೆ ಹೆಚ್ಚು ಕಾಟ ಕೊಡುವುದು ನಿಂತ ಲಾರಿ. ಗೇಟು ತೆರೆಯಲು, ಕಾಗದ ಸಿಗಲು, ಸರಕು ಇಳಿಸುವ ಜಾಗ ಖಾಲಿಯಾಗಲು ಅದು ಕಾಯುತ್ತದೆ. ಸಾಲು ಐದೈದು ನಿಮಿಷಕ್ಕೆ ನಾಲ್ಕು ಅಡಿ ಮುಂದೆ ಸರಿಯುತ್ತಿದ್ದರೆ ಚಾಲಕ ಎಂಜಿನ್ ನಿಲ್ಲಿಸುವಂತಿಲ್ಲ.

ಒಂದು ಮನೆಲೆಕ್ಕ ಮಾಡೋಣ. ದೊಡ್ಡ ಲಾರಿಯೊಂದು ನಿಂತಲ್ಲೇ ಗಂಟೆಗೆ ಎರಡು ಲೀಟರ್ ಡೀಸೆಲ್ ಉರಿಸಿತೆನ್ನಿ. ಮೂರು ಗಂಟೆ ಕಾದರೆ ಆರು ಲೀಟರ್. ಅಂಥ ನೂರು ಲಾರಿಗಳಿಗೆ 600 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಂದಿಂಚು ಸರಕು ಮುಂದೆ ಹೋಗದೆ ಒಂದೂವರೆ ಟನ್ನು ಅನಿಲ ಆಕಾಶ ಸೇರಿತು. ಪಾತ್ರೆ ಇಡದೆ ಗ್ಯಾಸು ಹಚ್ಚಿಟ್ಟರೆ ಮನೆಯಲ್ಲಿ ಯಾರಾದರೂ ಸುಮ್ಮನಿರುತ್ತಾರೆಯೇ?

ಇದಕ್ಕೆ ಮದ್ದು ಇದೆ, ಕೆಲವು ಕಡೆ ಕೊಡಲಾಗುತ್ತಲೂ ಇದೆ. 1989ರಲ್ಲಿ ಆರಂಭವಾದ ನ್ಹಾವಾ ಶೇವಾದ ಜವಾಹರಲಾಲ್ ನೆಹರು ಬಂದರಿನಲ್ಲಿ 2016ರಿಂದ ಕಂಟೇನರುಗಳಿಗೆ ರೇಡಿಯೋ ಚೀಟಿ ಅಂಟಿಸಿ, ಅವು ಎಲ್ಲಿವೆ ಎಂದು ಕಂಪ್ಯೂಟರಿನಲ್ಲಿ ತಿಳಿಯುವ ವ್ಯವಸ್ಥೆ ಬಂತು. ಆಮದಾದ ಸರಕು ನಡುವಿನ ಕಟ್ಟೆಗಳಲ್ಲಿ ತಂಗದೆ ಬಂದರಿನಿಂದ ನೇರವಾಗಿ ಕಾರ್ಖಾನೆಗೆ ಹೋಗುವ ಅವಕಾಶವೂ ಇದೆ. ಲಾರಿಗಳು ರಸ್ತೆ ಬದಿಯಲ್ಲಿ ನಿಲ್ಲದಂತೆ ಒಂದೇ ಕಡೆ ದೊಡ್ಡ ನಿಲುಗಡೆ ಮಾಡಿದ್ದಾರೆ. ಡಾಕ್ಟರರ ಬಳಿ ನಂಬರು ತೆಗೆದುಕೊಂಡು ಹೋಗುವ ಹಾಗೆ, ಲಾರಿಗೆ ಗೊತ್ತಾದ ಹೊತ್ತು ಕೊಟ್ಟು ಆ ಹೊತ್ತಿಗೇ ಕರೆದರೆ ಅರ್ಧ ಸಮಸ್ಯೆ ಕಳೆದಂತೆ. ಇದಕ್ಕೆ ಬೇಕಾದದ್ದು ಕೋಟಿಗಟ್ಟಲೆ ಹಣಕ್ಕಿಂತ ಹೆಚ್ಚಾಗಿ ಶಿಸ್ತು.

ಖಾಲಿ ಓಟವೂ ಹಾಗೆಯೇ. ಸರಕು ಇಳಿಸಿದ ಲಾರಿ ಬರಿದಾಗಿ ಹಿಂತಿರುಗಿದರೆ ಡೀಸೆಲ್ ದಂಡ. ಹತ್ತಿರದ ಇನ್ನೊಂದು ಗೋದಾಮಿನಲ್ಲಿ ಅದೇ ದಿಕ್ಕಿಗೆ ಹೋಗುವ ಸರಕು ಇರಬಹುದು, ಆದರೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದು. ಇದನ್ನು ಕೂಡಿಸಿಕೊಡುವ ಕೆಲಸ ಕಂಪ್ಯೂಟರು ಬಲ್ಲ ನಿಮ್ಮಂಥವರದು.

ರೈಲಿನ ಬೆನ್ನೇರಿದ ಲಾರಿ

ನಮ್ಮ ಕರಾವಳಿಯವರು ಹೆಮ್ಮೆಪಡಬೇಕಾದ ಒಂದು ಸಂಗತಿ ಹೇಳುತ್ತೇನೆ. ಕೊಂಕಣ ರೈಲ್ವೆ 1999ರ ಜನವರಿಯಲ್ಲಿ ‘ರೋ-ರೋ’ ಎಂಬ ಸೇವೆ ಆರಂಭಿಸಿತು. ಸರಕು ತುಂಬಿದ ಲಾರಿಯೇ ರೈಲಿನ ಚಪ್ಪಟೆ ವ್ಯಾಗನ್ ಏರಿ ನಿಲ್ಲುತ್ತದೆ. ಮೊದಲು ರಾಯಗಡ ಜಿಲ್ಲೆಯ ಕೋಲಾಡಿನಿಂದ ಗೋವಾದ ವೆರ್ಣಾದವರೆಗೆ ಇದ್ದದ್ದು ಮುಂದೆ ನಮ್ಮ ಸುರತ್ಕಲ್‌ವರೆಗೂ ಬಂತು. ಎಂಜಿನ್ ಬಂದ್. ಚಾಲಕ ತನ್ನ ಕ್ಯಾಬಿನಿನಲ್ಲೇ ಕಾಲು ಚಾಚಿ ನಿದ್ದೆ ಮಾಡಬಹುದು. ಘಟ್ಟದ ತಿರುವುಗಳಿಲ್ಲ, ಟಯರು ಸವೆಯುವುದಿಲ್ಲ. ಮುಂಬಯಿ–ಗೋವಾ ರಸ್ತೆಯಲ್ಲಿ ಊರಿಗೆ ಹೋಗಿಬಂದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಒಳ್ಳೆಯದಾದರೆ ಎಲ್ಲ ಲಾರಿಗಳೂ ಏಕೆ ರೈಲೇರುವುದಿಲ್ಲ? ಒಂದು ರೈಲು ತುಂಬುವಷ್ಟು ಲಾರಿಗಳು ಒಂದೇ ಹೊತ್ತಿಗೆ, ಒಂದೇ ಕಡೆ ಸೇರಬೇಕು. ಗೋದಾಮುಗಳು ಚೆಲ್ಲಾಪಿಲ್ಲಿಯಾಗಿ, ಹಳಿಯಿಂದ ದೂರ ಹರಡಿದ್ದರೆ ಅದು ಕಷ್ಟ. ಆದ್ದರಿಂದಲೇ ಸರಕು ಕೇಂದ್ರವನ್ನು ಕಟ್ಟುವಾಗಲೇ ರೈಲನ್ನು ಪಕ್ಕದಲ್ಲಿಟ್ಟುಕೊಂಡು ಯೋಚಿಸಬೇಕು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸುಮಾರು 400 ಎಕರೆಯ ಸರಕು ಕೇಂದ್ರವನ್ನು ಹುಬ್ಬಳ್ಳಿ ಮಾರ್ಗವಾಗಿ ಮುಂಬಯಿಗೆ ಬರುವ ರೈಲು ಹಳಿಯ ಪಕ್ಕದಲ್ಲೇ ಯೋಜಿಸಿರುವುದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ದೇಶದ ಸರಕಿನಲ್ಲಿ ರೈಲಿನ ಪಾಲನ್ನು 2030ರ ಹೊತ್ತಿಗೆ ನೂರಕ್ಕೆ 45ಕ್ಕೆ ಏರಿಸಬೇಕೆಂದು ರಾಷ್ಟ್ರೀಯ ರೈಲು ಯೋಜನೆ ಗುರಿ ಇಟ್ಟಿತು. ಗುರಿ ಕಾಗದದಲ್ಲಿದ್ದರೆ ಸಾಲದು, ಹಳಿ ಗೋದಾಮಿನ ಬಾಗಿಲಿಗೆ ಬರಬೇಕು.

ಯಾರ ಅಂಗಳದಲ್ಲಿ?

ಇನ್ನು ನೆಲದ ಮಾತು. ಭಿವಂಡಿಯ ಗೋದಾಮುಗಳ ಕೆಳಗೆ ಒಂದು ಕಾಲದ ಭತ್ತದ ಗದ್ದೆಗಳಿವೆ. ಗದ್ದೆ ಮಳೆನೀರನ್ನು ಹಿಡಿದಿಡುತ್ತದೆ, ಕಾಂಕ್ರೀಟು ಪಕ್ಕದವನ ಮನೆಗೆ ನೂಕುತ್ತದೆ. ಅಷ್ಟು ವಿಶಾಲವಾದ ಚಾವಣಿಗಳ ಮೇಲೆ ಸೌರಫಲಕ ಹಾಕಬಹುದು, ಬಿದ್ದ ಮಳೆಯನ್ನು ಟಾಂಕಿಗೆ ಇಳಿಸಬಹುದು, ನಡುನಡುವೆ ಬೆಳಕು ಹಾಯುವ ಶೀಟು ಹಾಕಿ ಹಗಲು ದೀಪ ಉಳಿಸಬಹುದು. ಇವು ಹೊಸ ವಿದ್ಯೆಗಳೇನಲ್ಲ.

ಉರಣ ಪ್ರದೇಶದ ಬೆಸ್ತರ ಕಥೆಯನ್ನಂತೂ ಮರೆಯಬಾರದು. ಬಂದರಿನ ವಿಸ್ತರಣೆ ಮೊದಲಾದ ಯೋಜನೆಗಳಿಂದ ಖಾಡಿಯ ಹರಿವು ತಪ್ಪಿ, ಕಾಂಡ್ಲಾ ಕಾಡು ನಾಶವಾಗಿ ಮೀನು ಹಿಡಿಯುವ ಬದುಕೇ ಹೋಯಿತೆಂದು ಅವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. 2015ರ ಫೆಬ್ರವರಿಯಲ್ಲಿ ಮಂಡಳಿ 1,630 ಕುಟುಂಬಗಳಿಗೆ 95 ಕೋಟಿಗೂ ಮಿಕ್ಕಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಬಂದರಿನೊಳಗೆ ವಿದ್ಯುತ್ ಲಾರಿಗಳು ಓಡುವುದು ಸಂತೋಷವೇ. ಆದರೆ ಬ್ಯಾಟರಿಯ ಲಾರಿ ಖಾಡಿಯ ಮೀನನ್ನು ಹಿಂದಕ್ಕೆ ತರಲಾರದು.

ಮನುಷ್ಯರ ಪ್ರಶ್ನೆಯೂ ಇಷ್ಟೇ ಮುಖ್ಯ. ಹೊರೆ ಹೊರುವ ಹಮಾಲರಿಗೆ ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ ಕಾನೂನು ಬಂದು ಕೂಲಿ, ಭವಿಷ್ಯನಿಧಿಗಳ ಆಸರೆ ಸಿಕ್ಕಿತು. ಲಾರಿ ಚಾಲಕನ ಕ್ಯಾಬಿನಿಗೆ ತಂಪುಯಂತ್ರ ಕಡ್ಡಾಯವಾದದ್ದು 2025ರಲ್ಲಿ, ಅದೂ ಹೊಸದಾಗಿ ತಯಾರಾದ ಲಾರಿಗಳಲ್ಲಿ ಮಾತ್ರ. ಹಳೆಯ ಲಾರಿಯವನು ಈಗಲೂ ಬೆವರುತ್ತಲೇ ಕಾಯುತ್ತಾನೆ. ಅವನಿಗೆ ಶುಚಿಯಾದ ಶೌಚಾಲಯ, ಸ್ನಾನದ ನೀರು, ಮಲಗಲು ನೆರಳು ಇಲ್ಲದ ಕೇಂದ್ರವನ್ನು ಎಷ್ಟು ಗಿಡ ನೆಟ್ಟರೂ ಹಸಿರು ಎನ್ನಲಾಗದು.

ನಿಮ್ಮಿಂದಾಗುವುದು

ನೀವು ಇಂಥ ಕಂಪನಿಯಲ್ಲಿದ್ದರೆ ನಾಳೆ ಮೇಲಿನವರನ್ನು ನಾಲ್ಕು ಪ್ರಶ್ನೆ ಕೇಳಿ. ನಮ್ಮ ಗೇಟಿನಲ್ಲಿ ಲಾರಿ ಸರಾಸರಿ ಎಷ್ಟು ಹೊತ್ತು ಕಾಯುತ್ತದೆ? ಎಷ್ಟು ಲಾರಿಗಳು ಖಾಲಿ ಹಿಂತಿರುಗುತ್ತವೆ? ಹತ್ತಿರದ ರೈಲು ಹಳಿ ಎಷ್ಟು ದೂರ? ಚಾಲಕನಿಗೆ ಶೌಚಾಲಯ ಎಲ್ಲಿದೆ? ಮೊದಲ ಪ್ರಶ್ನೆಗೆ ಹಲವು ಕಡೆ ಉತ್ತರವೇ ಇರುವುದಿಲ್ಲ, ಏಕೆಂದರೆ ಯಾರೂ ಬರೆದಿಟ್ಟಿರುವುದಿಲ್ಲ. ಬರೆದಿಡುವ ಕೆಲಸ ನೀವೇ ಆರಂಭಿಸಿ.

ಬರಿಯ ಗಿರಾಕಿಯಾಗಿದ್ದರೂ ಒಂದು ಕೆಲಸ ಸಾಧ್ಯ. ಕರಿಬೇವಿಗೊಮ್ಮೆ, ಉಪ್ಪಿಗೊಮ್ಮೆ, ಪೆನ್ನಿಗೊಮ್ಮೆ ಹತ್ತೇ ನಿಮಿಷದಲ್ಲಿ ತರಿಸಿಕೊಳ್ಳಬೇಡಿ. ನಿಮ್ಮ ಅಜ್ಜಿ ತಿಂಗಳ ಸಾಮಾನಿನ ಚೀಟಿ ಬರೆಯುತ್ತಿದ್ದರಲ್ಲ, ಅದು ಬಡತನದ ಗುರುತಾಗಿರಲಿಲ್ಲ. ಒಂದೇ ಸಲಕ್ಕೆ ಚೀಲ ತುಂಬಿಸುವ ಜಾಣತನ. ವಾರಕ್ಕೊಂದು ಚೀಟಿಯಿಂದ ಶುರುಮಾಡಿದರೂ ಸಾಕು.