ಟವರಿಗೂ ಬೇಕು ಕರೆಂಟು

ನಾವು ಫೋನಿಗೆ ಚಾರ್ಜ್ ಹಾಕುತ್ತೇವೆ. ಮೊಬೈಲ್ ಟವರಿಗೂ ಕರೆಂಟು ಬೇಕಲ್ಲವೇ? ಹೌದು, ಹಗಲೂ ಬೇಕು, ರಾತ್ರಿಯೂ ಬೇಕು. ಕರೆಂಟು ಹೋದರೆ ಎಷ್ಟೋ ಕಡೆ ಡೀಸೆಲ್ ಜನರೇಟರ್ ಓಡಿಸುತ್ತಾರೆ. ಅದರಿಂದ ಹೊಗೆ. ಖರ್ಚೂ ಹೆಚ್ಚು.

ಟವರಿನಲ್ಲಿ ಎರಡು ಕೆಲಸ

ಮೇಲಿರುವ ರೇಡಿಯೋ ಯಂತ್ರ ಅಲೆಗಳನ್ನು ಕಳಿಸುತ್ತದೆ, ಹಿಡಿಯುತ್ತದೆ. ಅಲೆಯೊಳಗಿನ ಮಾತನ್ನು ಬಿಡಿಸಲು ಲೆಕ್ಕ ಮಾಡಬೇಕು. ಅದಕ್ಕೆಂದೇ ಒಂದೊಂದು ಟವರಿಗೂ ಒಂದೊಂದು ಯಂತ್ರದ ಪೆಟ್ಟಿಗೆ ಇಡುತ್ತಾರೆ. ನಡುರಾತ್ರಿ ಮಾತಾಡುವವರು ಕಡಿಮೆ. ಆದರೂ ಪೆಟ್ಟಿಗೆ ಕರೆಂಟು ತಿನ್ನುತ್ತಲೇ ಇರುತ್ತದೆ.

ಹೊಸ ದಾರಿ

ಈ ಲೆಕ್ಕ ಟವರಿನ ಬುಡದಲ್ಲೇ ಆಗಬೇಕೆಂದಿಲ್ಲ. ಹಲವು ಟವರುಗಳ ಲೆಕ್ಕವನ್ನು ಒಂದೇ ಕಟ್ಟಡದ ಕಂಪ್ಯೂಟರುಗಳು ಮಾಡಬಹುದು. ಜಪಾನ್ ದೇಶದಲ್ಲಿ ರಾಕುಟೆನ್ ಎಂಬ ಕಂಪನಿ 2020ರಲ್ಲಿ ಇಂಥ ಕಂಪ್ಯೂಟರುಗಳಿಂದ ನಡೆಯುವ ಮೊಬೈಲ್ ಸೇವೆ ಶುರು ಮಾಡಿತು.

ಇದರಿಂದ ಏನು ಲಾಭ? ಹಗಲು ಪೇಟೆಯ ಟವರಿಗೆ ಕೆಲಸ ಹೆಚ್ಚು. ಸಂಜೆ ಮನೆಗಳಿರುವ ಕಡೆ ಹೆಚ್ಚು. ಹಗಲು ಪೇಟೆಗೆ ದುಡಿದ ಕಂಪ್ಯೂಟರೇ ಸಂಜೆ ಮನೆಗಳಿಗೆ ದುಡಿಯುತ್ತದೆ. ನಡುರಾತ್ರಿ ಇರುವ ಕೆಲಸವನ್ನೆಲ್ಲ ಕೆಲವೇ ಕಂಪ್ಯೂಟರುಗಳಿಗೆ ಕೊಟ್ಟು, ಉಳಿದವನ್ನು ಆರಿಸಬಹುದು. ಸುಮ್ಮನೆ ಕೂತ ಕಂಪ್ಯೂಟರೂ ಕರೆಂಟು ತಿನ್ನುತ್ತದೆ. ಆರಿಸಿದರೇ ಉಳಿತಾಯ.

ಮದುವೆ ಮನೆಯಲ್ಲಿ ಹತ್ತು ಒಲೆ ಹಚ್ಚುತ್ತೇವೆ. ನೆಂಟರು ಹೋದ ಮೇಲೂ ಹತ್ತೂ ಒಲೆ ಉರಿಸುತ್ತೇವೆಯೇ? ಇಲ್ಲ. ಎರಡು ಸಾಕು. ಇಲ್ಲೂ ಹಾಗೇ.

ರೇಡಿಯೋ ಯಂತ್ರ ಮಾತ್ರ ಟವರಿನಲ್ಲೇ ಇರಬೇಕು. ಹೆಚ್ಚು ಕರೆಂಟು ತಿನ್ನುವುದೂ ಅದೇ. ಕೆಲಸ ಕಡಿಮೆ ಇದ್ದಾಗ ಅದರ ಕೆಲವು ಭಾಗಗಳನ್ನೂ ಆರಿಸಬಹುದು.

ಎಚ್ಚರವೂ ಬೇಕು

ಉಳಿತಾಯ ಎಂದು ಎಲ್ಲವನ್ನೂ ಆರಿಸಬಹುದೇ? ಬೇಡ. ನಡುರಾತ್ರಿ ಒಬ್ಬ ತಾಯಿಗೆ ಹೆರಿಗೆ ನೋವು ಬರಬಹುದು. ಮನೆಯವರು 108ಕ್ಕೆ ಫೋನು ಮಾಡುತ್ತಾರೆ. ಆಗ ಕರೆ ಹೋಗಲೇಬೇಕು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿ. ಅದರಲ್ಲಿ ಕೆಲವೇ ಪಾಲಿನೊಳಗೆ ಕಂಪ್ಯೂಟರಿನ ಲೆಕ್ಕ ಮುಗಿಯಬೇಕು. ತಡವಾದರೆ ಮಾತು ತುಂಡಾಗುತ್ತದೆ.

ಅದಕ್ಕೇ ಹಿಂದಿನ ದಿನಗಳನ್ನು ನೋಡಿ, ಯಾವ ಹೊತ್ತಿಗೆ ಎಷ್ಟು ಕೆಲಸ ಬರುತ್ತದೆ ಎಂದು ಅಂದಾಜು ಮಾಡಬೇಕು. ಅಂದಾಜಿಗಿಂತ ಸ್ವಲ್ಪ ಹೆಚ್ಚೇ ಕಂಪ್ಯೂಟರು ಸಿದ್ಧವಿರಬೇಕು. ನಾವು ಒಲೆಯಲ್ಲಿ ಕೆಂಡ ಉಳಿಸಿಕೊಳ್ಳುವುದಿಲ್ಲವೇ, ಹಾಗೆ.

ಕರೆಂಟು ಉಳಿಯಬೇಕು. ಕರೆಯೂ ತಪ್ಪಬಾರದು. ಎರಡೂ ಆದರೆ ಮಾತ್ರ ಅದು ಜಾಣ ಉಳಿತಾಯ.

ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಉರಿಯುವ ದೀಪ ಎಷ್ಟು? ಇವತ್ತೇ ಎಣಿಸಿ ನೋಡೋಣ.