ನೀರಿಳಿಸುವ ಮಾತ್ರೆ: ಜೊತೆಗಿರುವ ಮದ್ದಿನ ಮೇಲೂ ಕಣ್ಣಿರಲಿ

ರಕ್ತದೊತ್ತಡಕ್ಕೆಂದು ಅಜ್ಜಿ ಬೆಳಿಗ್ಗೆ ಒಂದು ಪುಟ್ಟ ಮಾತ್ರೆ ನುಂಗುತ್ತಾರೆ. ಮಂಡಿನೋವು ತಡೆಯಲಾರದೆ ಮೊಮ್ಮಗನನ್ನು ಔಷಧಿ ಅಂಗಡಿಗೆ ಕಳಿಸಿ ಇನ್ನೊಂದು ತರಿಸಿಕೊಳ್ಳುತ್ತಾರೆ. ಎರಡೂ ಒಳ್ಳೆಯ ಮದ್ದುಗಳೇ. ಆದರೆ ಹೊಟ್ಟೆ ಸೇರಿದ ಮೇಲೆ ಒಂದರ ಕೆಲಸಕ್ಕೆ ಮತ್ತೊಂದು ಅಡ್ಡಗಾಲು ಹಾಕುತ್ತದೆ!

ದೇಹದಲ್ಲಿ ಹೆಚ್ಚಾದ ಉಪ್ಪು, ನೀರನ್ನು ಮೂತ್ರದ ಮೂಲಕ ಹೊರಹಾಕುವ ಔಷಧಿಗಳೇ ಮೂತ್ರವರ್ಧಕಗಳು. ರಕ್ತದೊತ್ತಡ, ಹೃದಯದ ದೌರ್ಬಲ್ಯ, ಕಾಲಿನ ಊತಗಳಲ್ಲಿ ಇವು ಬಲು ಉಪಕಾರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ಇವುಗಳ ಶಕ್ತಿಯನ್ನು ಕುಗ್ಗಿಸುತ್ತವೆ. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಯೂ ಜೊತೆಗಿದ್ದರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ವಾಂತಿ ಭೇದಿಯಾದಾಗ ಈ ಅಪಾಯ ಇನ್ನೂ ಹೆಚ್ಚು.

ಪೊಟ್ಯಾಸಿಯಂ ಏರುಪೇರು

ಫ್ರುಸೆಮೈಡ್, ಥಯಜೈಡ್‌ಗಳು ನೀರಿನೊಡನೆ ಪೊಟ್ಯಾಸಿಯಂ ಲವಣವನ್ನೂ ಹೊರದೂಡುತ್ತವೆ. ಅದು ತಗ್ಗಿದಾಗ ಹೃದಯಕ್ಕೆ ಕೊಡುವ ಡಿಜಾಕ್ಸಿನ್ ವಿಷವಾಗಿ ಪರಿಣಮಿಸಬಹುದು: ವಾಕರಿಕೆ, ಕಣ್ಣಿಗೆ ಹಳದಿ ಛಾಯೆ, ತಪ್ಪಿದ ನಾಡಿಬಡಿತ ಇದರ ಸೂಚನೆಗಳು. ಸ್ಟೀರಾಯ್ಡ್ ಮಾತ್ರೆಗಳೂ, ಕೆಮ್ಮಿಗೆಂದು ದಿನಗಟ್ಟಲೆ ಅಗಿಯುವ ಜೇಷ್ಠಮಧುವೂ ಪೊಟ್ಯಾಸಿಯಂ ಇಳಿಸುತ್ತವೆ.

ಸ್ಪೈರನೊಲ್ಯಾಕ್ಟೋನ್ ಕೂಡ ಮೂತ್ರವರ್ಧಕವೇ. ಆದರೆ ಅದರ ಗುಣ ಇದಕ್ಕೆ ತದ್ವಿರುದ್ಧ. ಅದು ಪೊಟ್ಯಾಸಿಯಂ ಉಳಿಸುತ್ತದೆ. ಜೊತೆಗೆ ಎನಲಾಪ್ರಿಲ್ ಇದ್ದು, ಮೂತ್ರಪಿಂಡವೂ ದುರ್ಬಲವಾಗಿದ್ದರೆ ಪೊಟ್ಯಾಸಿಯಂ ಮಿತಿಮೀರಿ ಹೃದಯವೇ ನಿಲ್ಲುವ ಸಂಭವವುಂಟು. ಇಂಥವರಿಗೆ ದಿನವೂ ಕುಡಿಯುವ ಎಳನೀರು, ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪು ಕೂಡ ಒಳ್ಳೆಯದಲ್ಲ.

ಇನ್ನೆರಡು ಜೋಡಿಗಳನ್ನು ನೆನಪಿಡಬೇಕು. ಮನೋರೋಗಕ್ಕೆ ಕೊಡುವ ಲಿಥಿಯಂ, ಥಯಜೈಡ್ ಜೊತೆ ಸೇರಿದರೆ ರಕ್ತದಲ್ಲಿ ಏರಿ ಕೈನಡುಕ, ತೊದಲು, ಮಂಪರು ತರಬಹುದು. ಜೆಂಟಾಮೈಸಿನ್ ಚುಚ್ಚುಮದ್ದಿನೊಡನೆ ಫ್ರುಸೆಮೈಡ್ ಸೇರಿದರೆ ಕಿವಿ ಮಂದವಾಗುವ ಭಯವಿದೆ.

ಹಾಗೆಂದು ಹೆದರಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಎಷ್ಟೋ ರೋಗಿಗಳಿಗೆ ವೈದ್ಯರು ತಿಳಿದೇ ಇವುಗಳನ್ನು ಜೊತೆಯಾಗಿ ಕೊಟ್ಟು, ಆಗಾಗ್ಗೆ ರಕ್ತಪರೀಕ್ಷೆ ಮಾಡಿಸಿ ಪ್ರಮಾಣ ಹೊಂದಿಸುತ್ತಾರೆ. ಅಪಾಯವಿರುವುದು ಅವರಿಗೆ ತಿಳಿಯದೆ ಸೇರುವ ಮದ್ದಿನಲ್ಲಿ. ಹೊಸ ವೈದ್ಯರ ಬಳಿಗೆ ಹೋಗುವಾಗ ಹಳೆಯ ಚೀಟಿಗಳನ್ನೂ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಟಿ ಔಷಧಿ, ಕಷಾಯಗಳನ್ನೂ ಮುಚ್ಚಿಡಬೇಡಿ. ನೋವಿನ ಮಾತ್ರೆ ಕೊಳ್ಳುವ ಮೊದಲು, ‘ನಾನು ನೀರಿಳಿಸುವ ಮಾತ್ರೆ ತೆಗೆದುಕೊಳ್ಳುತ್ತೇನೆ’ ಎಂದು ಅಂಗಡಿಯವರಿಗೆ ಹೇಳಿ. ಆ ಒಂದು ಮಾತು ಮೂತ್ರಪಿಂಡವನ್ನು ಉಳಿಸೀತು.